ಹುಂಡಿ ಒಡೆಯುವ ದಿನ

ಹಿಂದೂಪುರ
೧೪-೪-೧೯೫೧

ಓಬಳೇಶಣ್ಣನಿಗೆ ಕೊಟ್ಟೂರಪ್ಪ ಮಾಡುವ ಶರಣು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಒಂದು ಜಗಳ ಬಾಕಿ ಇದೆ, ಅದನ್ನು ಮುಗಿಸಿಬಿಡುತ್ತೇನೆ. ಸೆಟ್ಟೂರಿನ ನಾಟಕದಲ್ಲಿ ನಡುವೆಯೇ ಪಿಟೀಲು ಕೆಳಗಿಟ್ಟು ಎದ್ದುಹೋದೆಯಲ್ಲ, ಅದು ಯಾವ ಸೀಮೆಯ ಪದ್ಧತಿ? ರಾಣಿಯ ಪಾತ್ರದ ಹುಡುಗ ಗಂಡ ಸತ್ತ ಹಾಡಿಗೆ ಬಾಯಿ ತೆರೆದು ನಿಂತಿದ್ದಾನೆ, ಹಿಂದಿನಿಂದ ನಿನ್ನ ಹಾಗೆ ಪಿಟೀಲಿನ ಜೊತೆ ದನಿ ಸೇರಿಸಿ ಹಾಡುವವನೇ ಇಲ್ಲ. ನನ್ನ ಗಂಟಲು ನಿನಗೆ ಗೊತ್ತು. ಹಾರ್ಮೋನಿಯಂ ಒತ್ತುತ್ತಾ ನಾನೇ ಹಾಡಿದೆ. ಜನ ಅಳುವ ಬದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮರೇಶಪ್ಪ ತಬಲಾ ಬಿಟ್ಟು ತಲೆ ಮೇಲೆ ಕೈ ಹೊತ್ತು ಕೂತ. ನೀನು ಧೂಳಿಗೆ ಕೆಮ್ಮು ಬಂತು ಅಂದೆ, ಬೆಳಗಿನ ಬಸ್ಸಿಗೆ ಹೇಳದೆ ಕೇಳದೆ ಹೊರಟುಬಿಟ್ಟೆ. ಅದಾದ ಮೇಲೆ ಕೊಡಿಕೊಂಡದ ಆಟಕ್ಕೂ ಬರಲಿಲ್ಲ. ಮೂವರು ಅಂತ ಮಾತಾಗಿತ್ತು, ಇಬ್ಬರೇ ಬಂದಿದ್ದೀರಿ ಅಂತ ಆ ಊರಿನ ಯಜಮಾನ ದುಡ್ಡು ಮುರಿದುಕೊಂಡೇ ಕೊಟ್ಟ.

ಕೊಟ್ಟದ್ದಷ್ಟನ್ನೂ ಹುಂಡಿಗೆ ಹಾಕಿದ್ದೇನೆ. ಬಾರದವನಿಗೂ ಪಾಲು ಉಂಟು ಅಂತ ನೀನೇ ಮಾಡಿದ ಕಟ್ಟಳೆ ಇದೆಯಲ್ಲ, ಅದಕ್ಕೆ ನಾನು ತಪ್ಪುವವನಲ್ಲ.

ಉಗಾದಿಗೆ ಬಂದಿದ್ದ ನನ್ನ ಭಾವಮೈದ ದೇವರ ಗೂಡಿನಲ್ಲಿ ಮಣ್ಣಿನ ಹುಂಡಿ ನೋಡಿ ನಕ್ಕ. "ಇದೇನ್ ಭಾವ, ಚಿಕ್ ಮಕ್ಕಳ್ ತರ" ಅಂದ. ಕೂರಿಸಿಕೊಂಡು ಹೇಳಿದೆ. ಅಯ್ಯಾ, ನಾವು ಮೂವರೂ ಹೊಟ್ಟೆಗೆ ಬೇರೆ ಕಸುಬು ಇರುವವರು. ನನಗೆ ಹುಣಸೆಹಣ್ಣಿನ ಅಂಗಡಿ, ಓಬಳೇಶಣ್ಣನಿಗೆ ಮಗ್ಗ, ಅಮರೇಶಪ್ಪನಿಗೆ ಹೊಲ. ಆಟದಿಂದ ಬರುವ ದುಡ್ಡಿಗೆ ಹಿಡಿತವಿರಲಿಲ್ಲ, ಆಟ ಮುಗಿದ ಬೆಳಿಗ್ಗೆಯೇ ಖಾಲಿ ಆಗುತ್ತಿತ್ತು. ಮದರಾಸು ಸರ್ಕಾರ ಹೆಂಡ ನಿಲ್ಲಿಸಿದರೆ ನಾವು ಗಡಿ ದಾಟಿ ಮೈಸೂರು ಸೀಮೆಗೆ ಹೋಗಿ ಕುಡಿದು ಬರುತ್ತಿದ್ದೆವು. ಮನೆಗೆ ಒಂದು ಕಾಸು ಮುಟ್ಟುತ್ತಿರಲಿಲ್ಲ. ಆಗ ಓಬಳೇಶಣ್ಣ ಈ ಹುಂಡಿ ತಂದಿಟ್ಟ. ಬಂದದ್ದೆಲ್ಲ ಇದರೊಳಗೆ. ಆಯುಧಪೂಜೆಯ ದಿನ ವಾದ್ಯಗಳನ್ನು ಮುಂದಿಟ್ಟು ಪೂಜೆ ಮಾಡಿ ಒಡೆಯುವುದು. ಮೂವರಿಗೆ ಮೂರು ಪಾಲು, ತಂತಿಗೆ ಚರ್ಮಕ್ಕೆ ಅಂತ ನಾಲ್ಕನೆಯದು. ಯಾರ ವಾದ್ಯ ಪೂಜೆಗೆ ಬರಲಿಲ್ಲವೋ ಅದು ಬರುವ ತನಕ ಅವನ ಪಾಲು ಕೊಡುವಂತಿಲ್ಲ. ಮೇಳದಲ್ಲಿ ಒಬ್ಬರು ತೀರಿಕೊಂಡರೆ ಆ ವರ್ಷ ಒಡೆಯುವಂತಿಲ್ಲ. ಆಯುಧಪೂಜೆಗೆ ಮುಂಚೆ ಹುಂಡಿಗೆ ಕೈ ಹಾಕುವಂತಿಲ್ಲ, ಆಕಾಶ ಬಿದ್ದರೂ ಇಲ್ಲ.

ಭಾವಮೈದನ ನಗು ನಿಂತಿತು. ನಿನ್ನನ್ನು ನೋಡಬೇಕು ಅಂದ. ನಾನೂ ಅದನ್ನೇ ಹೇಳುತ್ತಿದ್ದೇನೆ. ವೈಶಾಖದ ಹುಣ್ಣಿಮೆಗೆ ಪೆನುಕೊಂಡದ ಹತ್ತಿರ ಒಂದು ಆಟ ಒಪ್ಪಿಕೊಂಡಿದ್ದೇನೆ, ತಪ್ಪಿಸಬೇಡ.

ನಿನ್ನ
ಕೊಟ್ಟೂರಪ್ಪ


ಕಲ್ಯಾಣದುರ್ಗ
೨೭-೪-೧೯೫೧

ಸಾವ್ಕಾರ ಕೊಟ್ಟೂರಪ್ಪನಿಗೆ,

ಕಾಗದ ಬಂತು. ಜಗಳ ನ್ಯಾಯವಾದದ್ದೇ, ತಪ್ಪು ನನ್ನದು. ಹುಣ್ಣಿಮೆಯ ಆಟಕ್ಕೆ ಬರಲಾಗುವುದಿಲ್ಲ. ಸೊಸೈಟಿಯಲ್ಲಿ ಬಹಳ ದಿನದ ಮೇಲೆ ನೂಲು ಕೊಟ್ಟಿದ್ದಾರೆ, ಮಗ್ಗಕ್ಕೆ ಬಿಡುವಿಲ್ಲ. ಸಿಕ್ಕಿದಾಗ ನೇಯದಿದ್ದರೆ ಆಮೇಲೆ ಕೈ ಕಟ್ಟಿ ಕೂರಬೇಕು.

ಕೆಮ್ಮು ಹೋಗಿಲ್ಲ. ಮನೆಯಲ್ಲಿ ಬನಶಂಕರಮ್ಮನ ಕಾಟಕ್ಕೆ ಇಲ್ಲಿ ಹೊಸದಾಗಿ ಬಂದ ಡಾಕ್ಟರಿಗೆ ತೋರಿಸಿದೆ. ಎದೆಗೆ ಕೊಳವೆ ಇಟ್ಟು, ಬೆನ್ನು ತಟ್ಟಿ, ತೆಲುಗಿನಲ್ಲಿ ಏನೇನೋ ಹೇಳಿದರು. ಬೆಂಗಳೂರಿಂದ ಸೂಜಿಮದ್ದು ತರಿಸಬೇಕಂತೆ, ತಿಂಗಳುಗಟ್ಟಲೆ ಹಾಕಿಸಬೇಕಂತೆ. ಅವರು ಹೇಳುವ ಬೆಲೆ ಕೇಳಿದರೆ ಅದು ರಾಜಮಹಾರಾಜರ ಕೆಮ್ಮಿಗೆ ಇರುವ ಮದ್ದು. ನಮ್ಮಂಥವರ ಕೆಮ್ಮು ತಾನಾಗಿ ಬಂದದ್ದು ತಾನಾಗಿ ಹೋಗಬೇಕು.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಈ ವರ್ಷ ಹುಂಡಿ ತೂಕವಾಗಿದೆಯೇ? ನನ್ನ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಅರವತ್ತು ರೂಪಾಯಿಯ ಮೇಲೆ ಬರಬೇಕು. ಗೂಡಿನಲ್ಲಿ ಸುರಕ್ಷಿತವಾಗಿ ಇದೆಯಷ್ಟೆ? ಆಯುಧಪೂಜೆಗೆ ಇನ್ನೂ ಬಹಳ ದಿನ ಇದೆ. ಬೇರೆ ಮೇಳದವರು ಶ್ರಾವಣದಲ್ಲೇ ಪಾಲು ಮಾಡುತ್ತಾರೆ ಅಂತ ಯಾರೋ ಅಂದರು. ಸುಮ್ಮನೆ ಬರೆದೆ.

ನಿನ್ನ ಮನೆಯಲ್ಲಿ ಕರಿಬಸಮ್ಮನಿಗೂ ಮಕ್ಕಳಿಗೂ ನಾವು ಕೇಳಿದೆವೆಂದು ಹೇಳು.

ಓಬಳೇಶಪ್ಪ


ಹಿಂದೂಪುರ
೯-೫-೧೯೫೧

ಓಬಳೇಶಣ್ಣನಿಗೆ,

ನಿನ್ನ ಕಾಗದ ಓದಿ ಮೂರು ದಿನ ಅನ್ನ ಸೇರಲಿಲ್ಲ. ಹುಂಡಿ ಸುರಕ್ಷಿತವಾಗಿದೆಯಾ ಅಂತ ಕೇಳುತ್ತೀಯ. ಎಷ್ಟಿರಬೇಕು ಅಂತ ನಿನ್ನ ಲೆಕ್ಕ ಹೇಳುತ್ತೀಯ. ಇಷ್ಟು ವರ್ಷ ನನ್ನ ಗೂಡಿನಲ್ಲಿ ಇಟ್ಟವನು ನೀನೇ. ಈಗ ಯಾರು ನಿನ್ನ ಕಿವಿ ಊದಿದರು? ಅಂಗಡಿಯವನ ಮನೆಯಲ್ಲಿ ದುಡ್ಡಿದ್ದರೆ ಅದು ಅಂಗಡಿಗೆ ಹೋಗಿಬಿಡುತ್ತದೆ ಅಂತ ಅನುಮಾನವೇ? ಬಾಯಿಬಿಟ್ಟು ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಸುತ್ತಿ ಬಳಸಿ ಕೇಳಿದೆಯಲ್ಲ, ಅದು ಚುಚ್ಚಿತು.

ನಿನ್ನ ಸಮಾಧಾನಕ್ಕೆ ಒಂದು ಕೆಲಸ ಮಾಡಿದ್ದೇನೆ. ಮಠದ ಅಯ್ಯನವರನ್ನು ಮನೆಗೆ ಕರೆಸಿ, ಅವರ ಎದುರಿಗೆ ಹುಂಡಿಯ ಸೀಳಿಗೆ ಅರಗು ಹಾಕಿ ಮುದ್ರೆ ಒತ್ತಿಸಿದ್ದೇನೆ. ಆಟಗಳ ಕಾಲ ಹೇಗೂ ಮುಗಿಯುತ್ತಾ ಬಂತು, ಇನ್ನು ಬರುವುದನ್ನು ಬೇರೆ ಗಂಟು ಕಟ್ಟಿ ಅವರ ಹತ್ತಿರವೇ ಇಡುತ್ತೇನೆ. ಈಗ ನಾನಾಗಲಿ, ನೀನಾಗಲಿ, ಆ ಶಿವನಾಗಲಿ ಆಯುಧಪೂಜೆಗೆ ಮುಂಚೆ ಒಂದು ಬಿಲ್ಲೆ ತೆಗೆಯುವಂತಿಲ್ಲ. ಸಾಕೇ?

ಶ್ರಾವಣದಲ್ಲಿ ಪಾಲು ಮಾಡುವ ಮೇಳಗಳ ಮಾತು ಎತ್ತಬೇಡ. ನಿನ್ನ ಬಾಯಲ್ಲಿ ಅದು ಚೆನ್ನಾಗಿಲ್ಲ. ಅಮರೇಶಪ್ಪನ ಮಗಳು ಗಂಗಾದೇವಿ ಹೆರಿಗೆಗೆ ನರಳುತ್ತಿದ್ದಾಗ, ಕಾರು ಮಾಡಿಕೊಂಡು ಲೇಡಿ ಡಾಕ್ಟರನ್ನು ಕರೆತರಬೇಕು, ಹುಂಡಿ ಒಡೆಯಿರಿ ಅಂತ ಅವನು ನಮ್ಮ ಜಗಲಿಯ ಮೇಲೆ ಕೂತು ಬೇಡಿದ. ನನ್ನ ಕೈ ಗೂಡಿನ ತನಕ ಹೋಗಿತ್ತು. ನೀನು ತಡೆದೆ. "ಇವತ್ತು ಇವನ ಮಗಳು, ನಾಳೆ ಇನ್ನೊಬ್ಬನ ಎತ್ತು, ನಾಡಿದ್ದು ಹೆಂಡ. ಒಂದ್ ಸಲ ಒಡೆದ್ರೆ ಹುಂಡಿ ಅನ್ನೋದೇ ಇರಲ್ಲ ಕಣಪ್ಪ" ಅಂದೆ. ಅವನು ಹಸು ಮಾರಿ ಕಾರು ತರುವ ಹೊತ್ತಿಗೆ ತಡವಾಗಿ ಮಗು ಉಳಿಯಲಿಲ್ಲ, ಅದು ದೈವೇಚ್ಛೆ. ಆದರೆ ಅವತ್ತು ನಿನ್ನ ಮೇಲೆ ನನಗೆ ಬಂದ ಗೌರವ ಇವತ್ತಿಗೂ ಇಳಿದಿಲ್ಲ. ಅದಾದ ಮೇಲೆ ನಮ್ಮ ಮೂವರಲ್ಲಿ ಯಾರೂ ಆ ಮಾತು ಎತ್ತಿಲ್ಲ.

ಕೆಮ್ಮಿಗೆ ಹಿಪ್ಪಲಿ ಪುಡಿ ಜೇನಿನಲ್ಲಿ ಕಲಸಿ ನೆಕ್ಕು. ನೇಯುವವರಿಗೆಲ್ಲ ನೂಲಿನ ಧೂಳಿಗೆ ಅದು ಇದ್ದದ್ದೇ. ಡಾಕ್ಟರಿಗೆ ದುಡ್ಡು ಸುರಿಯಬೇಡ.

ಕೊಟ್ಟೂರಪ್ಪ


ಕಲ್ಯಾಣದುರ್ಗ
೨-೬-೧೯೫೧

ಕೊಟ್ಟೂರಪ್ಪನಿಗೆ,

ನಿನ್ನನ್ನು ನೋಯಿಸಿದೆ. ಆ ಉದ್ದೇಶ ಇರಲಿಲ್ಲ. ನಿನ್ನ ಮೇಲೆ ಅನುಮಾನ ಪಡುವಷ್ಟು ಕೀಳಾಗಿಲ್ಲ ನಾನು. ಅರಗು ಹಾಕಿಸಿದ್ದು ಒಳ್ಳೆಯದೇ ಆಯಿತು ಅನ್ನಬೇಕು, ಬೇರೆ ಏನು ಹೇಳಲಿ.

ಅಮರೇಶಪ್ಪ ಇಲ್ಲಿಯ ದನದ ಸಂತೆಗೆ ಎತ್ತು ನೋಡಲು ಬಂದವನು ನಮ್ಮ ಮನೆಗೂ ಬಂದ. ಹೇಳಿ ಬಂದಿರಲಿಲ್ಲ. ಒಂದು ರಾತ್ರಿ ಅಂದವನು ಎರಡು ದಿನ ಉಳಿದ. ಎತ್ತು ಕೊಳ್ಳಲಿಲ್ಲ. ನಾನು ಅವನಿಗೆ ಏನು ಮಾಡಿದ್ದೆ ಅಂತ ನೀನು ಹೋದ ಕಾಗದದಲ್ಲಿ ಬರೆದಿದ್ದೆಯಲ್ಲ, ಅದು ಅವನ ಮುಖ ನೋಡಿದಾಗೆಲ್ಲ ನೆನಪಿಗೆ ಬಂತು. ಅವನಿಗೆ ಮಾತ್ರ ಅದು ಜ್ಞಾಪಕವೇ ಇಲ್ಲದವನ ಹಾಗೆ ನನ್ನ ಬೆನ್ನು ನೀವುತ್ತಾ ಕೂತಿದ್ದ. ಹೊರಡುವಾಗ ಅವನ ಕೈಯಲ್ಲಿ ಒಂದು ಮಾತು ತೆಗೆದುಕೊಂಡಿದ್ದೇನೆ. ಏನು ಅಂತ ಕೇಳಬೇಡ, ಅವನು ಹೇಳುವುದಿಲ್ಲ.

ಮುಂದಿನ ಸಂಕ್ರಾಂತಿಯಿಂದ ಪಿಟೀಲಿಗೆ ಬೇರೆ ಯಾರನ್ನಾದರೂ ಹುಡುಕಿಕೊಂಡರೆ ಒಳ್ಳೆಯದು. ನನಗೆ ಮಗ್ಗ ಬಿಟ್ಟು ಬರಲು ಆಗುತ್ತದೆ ಅಂತ ಅನ್ನಿಸುವುದಿಲ್ಲ.

ಅಕ್ಷರ ಕೆಟ್ಟದಾಗಿದೆ. ಮಲಗಿಕೊಂಡು ಬರೆದೆ, ಸೆಖೆ ಬಹಳ.

ಓಬಳೇಶಪ್ಪ


ಹಿಂದೂಪುರ
೨೪-೬-೧೯೫೧

ಓಬಳೇಶಣ್ಣನಿಗೆ ಶರಣು.

ನಿನ್ನ ಅಕ್ಷರ ನೋಡಿದರೆ ಬಸ್ಸಿನ ಮೇಲೆ ಕೂತು ಬರೆದ ಹಾಗಿದೆ. ಬೇರೆ ಪಿಟೀಲಿನವನನ್ನು ಹುಡುಕಿಕೋ ಅಂದರೆ ಏನರ್ಥ? ಬಳ್ಳಾರಿ ಕಡೆಯ ಯಾವುದೋ ಕಂಪನಿಯವರು ಸಂಬಳಕ್ಕೆ ಕರೆಯುತ್ತಿದ್ದಾರೆ ಅಂತ ಇಲ್ಲಿ ಒಂದು ಸುದ್ದಿ ಇದೆ. ಇದ್ದರೆ ಹೇಳಿಬಿಡು. ಮಗ್ಗದ ನೆಪ ನನ್ನ ಹತ್ತಿರ ಬೇಡ.

ಅದಿರಲಿ, ಈಗ ನಿನಗೆ ಸಂತೋಷವಾಗುವ ಒಂದು ವಿಷಯ ಬರೆಯುತ್ತೇನೆ.

ಹೋದ ವಾರ ಅಮರೇಶಪ್ಪ ಅಂಗಡಿಗೆ ಬಂದ. ಗಿರಾಕಿ ಎಲ್ಲ ಹೋಗುವ ತನಕ ಮೂಟೆಯ ಮೇಲೆ ಕೂತಿದ್ದ. ಆಮೇಲೆ, "ಹುಂಡಿ ಒಡೆಯಣ ಕಣಪ್ಪ. ಎಲ್ಲಾ ಬ್ಯಾಡ, ನನ್ ಪಾಲಷ್ಟೇ ತಗ್ದು ಕೊಡು" ಅಂದ.

"ಯಾಕಪ್ಪ, ಮನೇಲಿ ಏನಾರ ಆಯ್ತಾ?" ಅಂತ ಕೇಳಿದೆ.

"ಮನೇಲಿ ಏನೂ ಇಲ್ಲ. ಬೇಕಾಗೈತೆ."

"ಯಾರಿಗೆ?"

"ಅದೊಂದ್ ಕೇಳ್ಬ್ಯಾಡ. ಮಾತ್ ಕೊಟ್ಬುಟ್ಟಿದೀನಿ."

ನನಗೆ ತಕ್ಷಣ ಅರ್ಥವಾಯಿತು. ಎಲೆಯಾಟ, ಇಸ್ಪೀಟಿನ ಜೂಜು. ಸಂತೆಗೆ ಹೋದವನು ಎತ್ತು ಕೊಳ್ಳದೆ ಬಂದದ್ದು ಯಾಕೆ ಅಂತ ನಾನು ಆಗಲೇ ಅಂದುಕೊಂಡಿದ್ದೆ. ನೀನು ಅವನ ಕೈಯಲ್ಲಿ ತೆಗೆದುಕೊಂಡ ಮಾತೂ ಅದೇ ಇರಬೇಕು, ಇನ್ನು ಎಲೆ ಮುಟ್ಟುವುದಿಲ್ಲ ಅಂತ. ನೀನು ಮರ್ಯಾದೆ ಉಳಿಸಲು ನನಗೆ ಬರೆಯಲಿಲ್ಲ. ಸೋತ ದುಡ್ಡು ಕಟ್ಟಬೇಕಾಗಿ ಬಂದಿದ್ದಾನೆ ಅಷ್ಟೆ.

ಅವತ್ತು ನೀನು ಹೇಳಿದ ಮಾತನ್ನೇ ಒಂದಕ್ಷರ ಬಿಡದೆ ಹೇಳಿದೆ. ಇವತ್ತು ಇವನ ಮಗಳು, ನಾಳೆ ಇನ್ನೊಬ್ಬನ ಎತ್ತು. ಮಗಳ ಹೆಸರು ಎತ್ತಬಾರದಿತ್ತೇನೋ. ಅವನ ಕಣ್ಣಲ್ಲಿ ನೀರು ಬಂತು. "ಓಬಳೇಶಣ್ಣ ಕೇಳಿದ್ರೂ ಒಡೆಯಲ್ವಾ?" ಅಂದ. ಅವನು ಕೇಳಲ್ಲ ಕಣಪ್ಪ, ಅದಕ್ಕೇ ಅವನು ಓಬಳೇಶಣ್ಣ ಅಂದೆ. ಎದ್ದು ಹೋದ.

ನೀನು ಪಕ್ಕದಲ್ಲಿದ್ದಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದೆ. ಈಗಲಾದರೂ ನಿನ್ನ ಹುಂಡಿ ಯಾರ ಕೈಯಲ್ಲಿದೆ ಅಂತ ನಂಬಿಕೆ ಬಂತೇ?

ಕೊಟ್ಟೂರಪ್ಪ


ಕಲ್ಯಾಣದುರ್ಗ
೮-೭-೧೯೫೧

ಕೊಟ್ಟೂರಪ್ಪನಿಗೆ,

ನೀನು ಮಾಡಿದ್ದು ಕಟ್ಟಳೆಯ ಪ್ರಕಾರ ಸರಿ. ಅಮರೇಶಪ್ಪ ಎಲೆಯಾಡುವವನಲ್ಲ. ಆ ಮಾತು ಊರಲ್ಲಿ ಹಬ್ಬಿಸಬೇಡ, ನನ್ನ ಮೇಲೆ ಆಣೆ.

ಯಾವ ಕಂಪನಿಯೂ ನನ್ನನ್ನು ಕರೆದಿಲ್ಲ.

ಈಚೆಗೆ ಹಗಲೆಲ್ಲ ಮಲಗಿ ಯೋಚನೆ ಮಾಡುತ್ತೇನೆ. ಕಟ್ಟಳೆ ಮಾಡುವಾಗ ನಾನು ಹೆಂಡದ ಅಂಗಡಿಯನ್ನು ಮಾತ್ರ ಕಣ್ಣ ಮುಂದೆ ಇಟ್ಟುಕೊಂಡಿದ್ದೆ. ಗಂಗಾದೇವಿಯ ಮಗು ಇದ್ದಿದ್ದರೆ ಈಗ ಅಂಗಳದಲ್ಲಿ ಓಡಾಡುತ್ತಿತ್ತು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲವಂತೆ. ಕಟ್ಟಳೆ ಮಾಡಿದವನಿಗೆ ಅದನ್ನು ಮುರಿಯುವ ಹಕ್ಕು ಉಳಿದವರಿಗಿಂತ ಕಡಿಮೆ, ಅಲ್ಲವೇ? ಅವನಿಗೆ ಇಲ್ಲ ಅಂದ ಬಾಯಲ್ಲಿ ನನಗೆ ಕೊಡು ಅನ್ನುವುದು ಹೇಗೆ?

ಮಾತಿಗೆ ಕೇಳುತ್ತೇನೆ. ಅಮರೇಶಪ್ಪನ ಜಾಗದಲ್ಲಿ ನಾನೇ ಬಂದು ಹುಂಡಿ ಒಡಿ ಅಂದಿದ್ದರೆ ನೀನು ಏನು ಮಾಡುತ್ತಿದ್ದೆ? ತಮಾಷೆಗೆ ಅಲ್ಲ. ಯೋಚಿಸಿ ಬರೆ. ಬೇಗ ಬರೆ.

ಓಬಳೇಶಪ್ಪ


ಹಿಂದೂಪುರ
೨೧-೭-೧೯೫೧

ಓಬಳೇಶಣ್ಣನಿಗೆ,

ಅಂಗಡಿಯಲ್ಲಿ ಮಾಲು ಇಳಿಸುವ ಗಡಿಬಿಡಿ, ಉತ್ತರ ತಡವಾಯಿತು.

ನಿನ್ನ ಪ್ರಶ್ನೆಯನ್ನು ಕರಿಬಸಮ್ಮನಿಗೂ ಓದಿ ಹೇಳಿ ನಕ್ಕೆ. ನೀನು ಬಂದು ಹುಂಡಿ ಒಡಿ ಅಂದರೆ ನಾನು ಏನು ಮಾಡುತ್ತೇನೆ ಗೊತ್ತಾ? ಓಬಳೇಶಣ್ಣನ ವೇಷ ಹಾಕಿಕೊಂಡು ಬಂದ ನೀನು ಯಾರಯ್ಯಾ ಅಂತ ಕೇಳಿ, ನೀರಿನ ಚೆಂಬು ಕೊಟ್ಟು, ಮುಖ ತೊಳೆದುಕೋ ಬಣ್ಣ ಹೋಗಲಿ ಅನ್ನುತ್ತೇನೆ. ನನ್ನನ್ನು ಪರೀಕ್ಷೆ ಮಾಡುವುದು ಬಿಡು. ನಾನು ಒಡೆದು ಕೊಟ್ಟರೆ ಮೊದಲು ನನ್ನ ಕೆನ್ನೆಗೆ ಹೊಡೆಯುವವನು ನೀನೇ. ಇನ್ನೆರಡು ತಿಂಗಳು ಕಳೆದರೆ ಆಯುಧಪೂಜೆ, ಒಟ್ಟಿಗೆ ಕೂತು ಒಡೆಯೋಣ. ಈ ವರ್ಷ ಹೋಳಿಗೆ ಮಾಡಿಸುತ್ತೇನೆ.

ಅಮರೇಶಪ್ಪನ ವಿಷಯ ಯಾರಿಗೂ ಹೇಳಿಲ್ಲ. ಆಣೆ ಯಾಕೆ ಹಾಕುತ್ತೀಯ.

ಕೊಟ್ಟೂರಪ್ಪ


ಹಿಂದೂಪುರ
೩-೯-೧೯೫೧

ಓಬಳೇಶಣ್ಣನಿಗೆ,

ಶ್ರಾವಣವೂ ಮುಗಿಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ಬಳ್ಳಾರಿ ಸುದ್ದಿ ನಿಜವೇ ಇರಬೇಕು. ಸಂಬಳದ ನೌಕರಿ ಸಿಕ್ಕಿದವನಿಗೆ ಹುಣಸೆಹಣ್ಣಿನವನ ಸ್ನೇಹ ಯಾಕೆ ಬೇಕು.

ಸಿಟ್ಟಿಲ್ಲ. ಹಬ್ಬಕ್ಕೆ ಬಂದು ಪಿಟೀಲು ಇಟ್ಟು ಪಾಲು ತೆಗೆದುಕೊಂಡು ಹೋಗು. ಅತ್ತಿಗೆಯನ್ನೂ ಕರೆದುಕೊಂಡು ಬಾ. ನೀನಿಲ್ಲದೆ ಈಚೆಗೆ ಹಾರ್ಮೋನಿಯಂ ಮುಂದೆ ಕೂತರೆ ಎದ್ದುಬಿಡೋಣ ಅನ್ನಿಸುತ್ತದೆ. ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ.

ಕೊಟ್ಟೂರಪ್ಪ


ಹಿಂದೂಪುರ
೧೪-೧೦-೧೯೫೧

ಓಬಳೇಶಪ್ಪನವರಿಗೆ,

ಇನ್ನು ಮೇಲೆ ಹೀಗೆಯೇ ಬರೆಯುತ್ತೇನೆ, ದೊಡ್ಡವರಾಗಿದ್ದೀರಿ.

ಆಯುಧಪೂಜೆ ಆಯಿತು. ಸಂಜೆಯ ತನಕ ಬಸ್ ಸ್ಟ್ಯಾಂಡಿಗೆ ಆಳು ಕಳಿಸಿ ಕಾದೆ. ಹೋಳಿಗೆ ಆರಿತು. ನೀವು ಬರಲಿಲ್ಲ. ಅಮರೇಶಪ್ಪ ಬಂದ, ಬರಿಗೈಯಲ್ಲಿ. ತಬಲಾ ಎಲ್ಲಿ ಅಂದೆ. ಇಲ್ಲ ಅಂದ. ಮಾರಿದೆಯಾ ಅಂದೆ. ತಲೆ ಬಗ್ಗಿಸಿದ. ಅವನ ಅಪ್ಪನ ಕಾಲದ ಜೋಡಿ ಅದು. ಅಯ್ಯನವರ ಎದುರಿಗೇ ನಾನು ಬಯ್ದೆ. ಎಲೆಯಾಟಕ್ಕೆ ವಾದ್ಯ ಹಾಕಿದವನು ಈ ಜಗಲಿ ಹತ್ತಬಾರದು ಅಂದೆ. ನಿಮ್ಮ ಆಣೆ ಮೀರಿದೆ, ಮೀರಿದ್ದಕ್ಕೆ ನನಗೇನೂ ಬೇಸರವಿಲ್ಲ.

"ಹುಂಡಿ ಒಡಿ ಕಣಪ್ಪ, ಮೊದ್ಲು ಒಡಿ" ಅಂದ. ಒಡೆದೆ. ಕಟ್ಟಳೆಯ ಪ್ರಕಾರ ವಾದ್ಯ ತರದವನ ಪಾಲು ತಡೆದಿದ್ದೇನೆ. ತಬಲಾ ತಂದು ತೆಗೆದುಕೊಂಡು ಹೋಗು ಅಂದೆ. "ಪಾಲು ಸಿಕ್ಕಿದ್ರೆ ತಾನೇ ತಬಲಾ ಬಿಡಿಸ್ಕಣೋದು" ಅಂತ ಒಂದು ನಗೆ ನಕ್ಕು, ಊಟವನ್ನೂ ಮಾಡದೆ ಹೋದ.

ನಿಮ್ಮ ಪಾಲೂ ನನ್ನಲ್ಲೇ ಇದೆ. ಮನಿಯಾರ್ಡರ್ ಮಾಡುವುದಿಲ್ಲ. ಬೇಕಾದರೆ ಪಿಟೀಲು ಹಿಡಿದು ನೀವೇ ಬನ್ನಿ.

ಕೊಟ್ಟೂರಪ್ಪ


ಕಲ್ಯಾಣದುರ್ಗ
೨೮-೧೦-೧೯೫೧

ಕೊಟ್ಟೂರಪ್ಪನೋರಿಗೆ ಬನಶಂಕರಮ್ಮ ಹೇಳಿ ಬರೆಸೋದು.

ನನಗೆ ಬರೆಯೋಕೆ ಬರಲ್ಲ. ಪಕ್ಕದ ಮನೆ ಮೇಷ್ಟ್ರು ಬರೀತಾವ್ರೆ. ನಾನು ಹೇಳಿದಂಗೇ ಬರೀರಿ, ಚಂದ ಮಾಡ್ಬ್ಯಾಡಿ ಅಂದಿದೀನಿ.

ಅವರು ಪಿತೃಪಕ್ಸ ಹುಟ್ಟಿದ ಮೂರನೇ ದಿನ ಹೋಗ್ಬುಟ್ರು. ನಿಮಗೆ ತಿಳಿಸ್ಬ್ಯಾಡ ಅಂದೋರು ಅವರೇ. ಮೇಳದಾಗೆ ಒಬ್ಬರು ಸತ್ತರೆ ಆ ವರ್ಸ ಹುಂಡಿ ಒಡೆಯಂಗಿಲ್ಲಂತಲ್ಲ. "ಸುದ್ದಿ ತಿಳಿದ್ರೆ ಕೊಟ್ಟೂರಪ್ಪ ಇನ್ನೊಂದ್ ವರ್ಸ ಹುಂಡೀನ ಮುಟ್ಟಲ್ಲ. ಅಮರೇಶಪ್ಪಂಗೆ ದುಡ್ಡು ಬೇಕು. ಹಬ್ಬ ಆಗೋಗಂಟ ಬಾಯಿ ಮುಚ್ಕಂಡಿರು" ಅಂದ್ರು. ಅದಕ್ಕೇ ಮುಚ್ಕಂಡಿದ್ದೆ. ಅಮರೇಶಪ್ಪನೂ ಮುಚ್ಕಂಡಿದ್ದ.

ಉಗಾದಿಗೆ ಮುಂಚೇನೇ ಕೆಮ್ಮಿದ್ರೆ ರಕ್ತ ಬೀಳ್ತಿತ್ತು. ನೂಲು ಬಂದಿತ್ತು ಅಂತ ನಿಮಗೆ ಬರೆದಿದ್ದು ಸುಳ್ಳು. ಮಗ್ಗ ಚೈತ್ರದಾಗೇ ಕೊಟ್ಬುಟ್ವಿ, ಗಂಜಿಗೆ. ಸೂಜಿಮದ್ದು ತಪ್ಪದಂಗೆ ಹಾಕ್ಸಿದ್ರೆ ಉಳೀತಾರೆ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು. ನಿಮ್ಮನ್ನ ಕೇಳಿ ಅಂತ ನಾನು ಕಾಲು ಹಿಡ್ಕಂಡೆ. ಕೇಳಿದೀನಿ, ಅವನಿಗೆ ತಿಳೀಲಿಲ್ಲ ಅನ್ನೋರು. ಕೊನೇಲಿ ನೀವು ವೇಸದ ಮಾತು ಬರೆದ್ರಲ್ಲ, ಆ ಕಾಗದ ಓದಿ ಅವರೂ ನಕ್ರು. ಸರಿಯಾಗಿ ಬರೆದವ್ನೆ ಅಂದ್ರು. ಆಮ್ಯಾಕೆ ಗೋಡೆ ಕಡೆ ತಿರುಗಿ ಮಲಗ್ಬುಟ್ರು.

ಅಮರೇಶಪ್ಪ ತಬಲಾ ಅಡ ಇಟ್ಟು ಬೆಂಗಳೂರಿಂದ ಮದ್ದು ತಂದ. ಅದಷ್ಟನ್ನೂ ಹಾಕ್ಸಿದ್ವಿ. ಕೆಮ್ಮು ತಗ್ತು, ಎರಡು ತುತ್ತು ಉಂಡ್ರು. ಆಮ್ಯಾಕೆ ಮದ್ದು ಮುಗೀತು. ನಿಲ್ಲಿಸಿದ್ದಕ್ಕೆ ಮೊದಲಿಗಿಂತ ಜೋರಾಯ್ತು. ಭಾದ್ರಪದದಾಗೆ ಕರ್ಕೊಂಡು ಹೋದ್ರೆ ಡಾಕ್ಟ್ರು "ಇಂಕ ಲಾಭಂ ಲೇದಮ್ಮ" ಅಂದ್ರು. ಇನ್ನೇನೂ ಉಪಯೋಗ ಇಲ್ಲ ಅಂತ.

ಅವರ ಪಾಲು ನನಗೆ ಬ್ಯಾಡ. ಅಮರೇಶಪ್ಪಂಗೆ ಕೊಡಿ. ಅವನ ಪಾಲನ್ನೂ ಕೊಡಿ. ತಬಲಾ ತರಲಿ ಅಂತ ಕಾಯಬ್ಯಾಡಿ.

ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಬರೀಲಾ ತಾಯಿ ಅಂತ ಮೇಷ್ಟ್ರು ಕೇಳಿದ್ರು. ಬ್ಯಾಡ, ಸಿಟ್ಟೈತೆ ಅಂತಲೇ ಬರೀರಿ ಅಂದೆ. ನಿಮ್ಮ ಮೇಲೂ ಐತೆ, ಅವರ ಮೇಲೂ ಐತೆ.

ಬನಶಂಕರಮ್ಮ


ಹಿಂದೂಪುರ
೧೧-೧೧-೧೯೫೧

ಅತ್ತಿಗೆಗೆ ಕೊಟ್ಟೂರಪ್ಪ ಬರೆಯುವುದು.

ನಿಮ್ಮ ಕಾಗದ ಬಂದ ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಓಬಳೇಶಣ್ಣನ ಕಾಗದಗಳನ್ನೆಲ್ಲ ಮತ್ತೆ ಓದಿದೆ. ಒಂದೊಂದರಲ್ಲೂ ಅವನು ಕೇಳಿದ್ದಾನೆ. ನಾನು ಒಂದೊಂದಕ್ಕೂ ಇಲ್ಲ ಅಂದಿದ್ದೇನೆ, ಅದೂ ನಗುತ್ತಾ, ಜಂಬ ಕೊಚ್ಚುತ್ತಾ. ಅವನನ್ನು ನಾನು ಕೊಂದೆ ಅಂತ ಬರೆದರೆ ನೀವು ಅಲ್ಲ ಅನ್ನಲಿ ಅಂತ ಬರೆದ ಹಾಗಾಗುತ್ತದೆ. ಆದ್ದರಿಂದ ಬರೆಯುವುದಿಲ್ಲ.

ನೀವು ಹೇಳಿದ ಹಾಗೆ ಎರಡೂ ಪಾಲು ತೆಗೆದುಕೊಂಡು ಅಮರೇಶಪ್ಪನ ಹಳ್ಳಿಗೆ ಹೋದೆ. ನನ್ನ ಪಾಲನ್ನೂ ಸೇರಿಸಿದ್ದೆ. ಹೊಲದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ. ಬದುವಿನ ಮೇಲೆ ನಿಂತು, ತಪ್ಪಾಯಿತು ಅಂದೆ. ಪರವಾಗಿಲ್ಲ ಕೂತ್ಕೋ ಅಂದ. ಗಂಗಾದೇವಿ ನೀರು ತಂದುಕೊಟ್ಟಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ದುಡ್ಡು ಕೊಟ್ಟೆ. ಎಣಿಸದೆ ಪಂಚೆಯ ಅಂಚಿಗೆ ಕಟ್ಟಿಕೊಂಡ. ಅದರಲ್ಲಿ ಹೆಚ್ಚಿದೆ ಅಂತ ನಾನು ಹೇಳಲೂ ಇಲ್ಲ.

ಸಂಕ್ರಾಂತಿಯಿಂದ ಮತ್ತೆ ಆಟ ಒಪ್ಪಿಕೊಳ್ಳೋಣ, ಹುಂಡಿ ಗಿಂಡಿ ಏನೂ ಬೇಡ, ಬಂದದ್ದನ್ನು ಅಲ್ಲೇ ಹಂಚಿಕೊಳ್ಳೋಣ ಅಂದೆ. ಕೈಯಲ್ಲಿದ್ದ ಬಳ್ಳಿಯ ಮಣ್ಣು ಕೊಡವಿದ. ಆಮೇಲೆ ಹೇಳಿದ.

"ನಾ ಬರಲ್ಲ ಕಣಪ್ಪ. ಸಿಟ್ಟಿಗಲ್ಲ. ನೀನು ಒಳ್ಳೇನು. ಒಂದ್ ಕಾಸು ಅತ್ತಿತ್ತ ಮಾಡ್ದೋನಲ್ಲ. ಆದ್ರೆ ನಿನ್ ತಾವ ಬಂದು ಏನಾರ ಬೇಕು ಅನ್ನೋಕೆ ಬಾಯೇ ಬರಲ್ಲ ಕಣಪ್ಪ. ನಂಗೊಬ್ಬನಿಗೇ ಅಲ್ಲ, ಯಾರಿಗೂ ಬರಲ್ಲ."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದಾಗ ಕರಿಬಸಮ್ಮ ಮುದ್ದೆ ತಿರುವುತ್ತಿದ್ದಳು. ಬಾಗಿಲಲ್ಲಿ ಕೂತು ಅಮರೇಶಪ್ಪನ ಮಾತು ಹೇಳಿದೆ. ಮದುವೆಯಾಗಿ ಇಷ್ಟು ವರ್ಷವಾಯಿತು, ನೀನು ನನ್ನ ಹತ್ತಿರ ಏನಾದರೂ ಕೇಳಬೇಕು ಅಂದುಕೊಂಡು ಕೇಳದೆ ಬಿಟ್ಟದ್ದು ಇದೆಯಾ ಅಂತ ಕೇಳಿದೆ. ಇಲ್ಲ ಅನ್ನುತ್ತಾಳೆ ಅಂತ ನನಗೆ ಧೈರ್ಯ ಇತ್ತು, ಯಾಕೆಂದರೆ ಅವಳು ಒಂದು ದಿನವೂ ನನ್ನನ್ನು ಏನೂ ಕೇಳಿದವಳಲ್ಲ. ಅವಳಿಗೆ ಏನೂ ಬೇಕಾಗಿಲ್ಲ ಅಂತಲೇ ನಾನು ಇದುವರೆಗೆ ತಿಳಿದುಕೊಂಡಿದ್ದೆ.

ಮುದ್ದೆಯನ್ನು ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟಳು. ಹೇಳು, ಏನಿತ್ತು ಅಂದೆ.

"ಈಗ್ಯಾಕ್ ಬುಡಿ ಅದೆಲ್ಲಾ" ಅಂದಳು.

ಕೊಟ್ಟೂರಪ್ಪ